ಮಗಳೇ, ನಿನ್ನ ಪ್ಲಾನ್ ಓದಿದೆ

ಟಿಳಕವಾಡಿ, ಬೆಳಗಾವಿ
ಭಾನುವಾರ ರಾತ್ರಿ

ಪ್ರೀತಿಯ ಮಗಳೇ,

ನೀನು ಮೇಜಿನ ಮೇಲೆ ಇಟ್ಟುಹೋದ ಪ್ಲಾನ್ ಎರಡು ಸಲ ಓದಿದೆ. ಎದುರಿಗೆ ಕೂತು ಮಾತಾಡಬಹುದಿತ್ತು. ಆದರೆ ನಮ್ಮ ಎರಕದ ಕಾರ್ಖಾನೆ, ಈ ಫೌಂಡ್ರಿ ವಿಷಯ ಬಂದರೆ ನಾವಿಬ್ಬರೂ ಒಬ್ಬರ ಮಾತು ಇನ್ನೊಬ್ಬರು ಪೂರ್ತಿ ಕೇಳುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನೀನು ಹೇಳಿದ್ದು ಸರಿ ಇದೆ. ನಮ್ಮ ಎರಕದಲ್ಲಿ ಅರ್ಧಕ್ಕಿಂತ ಜಾಸ್ತಿ ಎಂಜಿನ್‌ಗೆ ಸೇರಿದ್ದು. ಫ್ಲೈವೀಲ್, ಮ್ಯಾನಿಫೋಲ್ಡ್, ಇಂಥವು. ಬ್ಯಾಟರಿ ಮೇಲೆ ಓಡುವ ಗಾಡಿಗೆ ಇವು ಬೇಡ. ಪಂಪಿನ ಬಾಡಿ ಬೇಕು, ನಮ್ಮೂರಿನ ಹೈಡ್ರಾಲಿಕ್ಸ್ ಕಾರ್ಖಾನೆಗಳಿಗೆ ವಾಲ್ವ್ ಬಾಡಿ ಬೇಕು, ಆ ಕಡೆ ತಿರುಗೋಣ ಎನ್ನುತ್ತೀ. ತಿರುಗೋಣ. ಒಂದೇ ಮಾತು, ಟ್ರ್ಯಾಕ್ಟರ್ ಕೆಲಸ ಒಮ್ಮೆಲೇ ಬಿಡಬೇಡ. ಹೊಲದಲ್ಲಿ ಇನ್ನೂ ಡೀಸೆಲ್ ಎಂಜಿನ್ನೇ ಓಡುತ್ತಿದೆ.

ಅಪ್ಪನಿಗೆ ಹೊಸದೆಂದರೆ ಹೆದರಿಕೆ ಎಂದುಕೊಳ್ಳಬೇಡ. ಕೋಕ್ ಸುಡುವ ಕ್ಯುಪೋಲಾ ಕುಲುಮೆ ತೆಗೆಸಿ ಕರೆಂಟಿನ ಇಂಡಕ್ಷನ್ ಫರ್ನೇಸ್ ಹಾಕಿದವನು ನಾನೇ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದಾಗ ಲೆಕ್ಕದ ಪುಸ್ತಕ ಪೂರ್ತಿ ಬದಲಾಯಿತು. 2020ರ ಏಪ್ರಿಲ್ 1ರಿಂದ ಗಾಡಿಯ ಹೊಗೆಗೆ ಹೊಸ ನಿಯಮ, ಬಿಎಸ್6 ಎಂದರು, ಅದಕ್ಕೆ ಒಂದು ವಾರ ಮೊದಲೇ ಲಾಕ್‌ಡೌನ್. ಹಳೆಯ ಎಂಜಿನ್‌ಗೆ ಹೊಯ್ದ ಮಾಲು ಗೋಡೌನ್‌ನಲ್ಲೇ ಕೂತಿತು. ಅದನ್ನೂ ದಾಟಿದೆವು.

ನಿನ್ನ 14 ಪುಟದಲ್ಲಿ ಮಷಿನ್ ಇದೆ, ಬ್ಯಾಂಕ್ ಸಾಲ ಇದೆ, ಗಿರಾಕಿಗಳ ಪಟ್ಟಿ ಇದೆ. ನಮ್ಮ 38 ಜನ 9ನೇ ಪುಟದ ಒಂದೇ ಸಾಲಿನಲ್ಲಿದ್ದಾರೆ. 'ಲೇಬರ್ ಕಾಸ್ಟ್'. ಅಲ್ಲಿ ನನ್ನ ಕಣ್ಣು ನಿಂತುಬಿಟ್ಟಿತು. ನಾನೂ ಒಮ್ಮೆ ಹಾಗೇ ಲೆಕ್ಕ ಹಾಕಿದ್ದೆ.

ಮರಳಿನಲ್ಲಿ ಅಚ್ಚೊತ್ತುವ ಕಟ್ಟಿಗೆಯ ಮಾದರಿಗಳನ್ನು ಕಾಕಾ ಕೆತ್ತುತ್ತಿದ್ದ ಪ್ಯಾಟರ್ನ್ ಕೋಣೆ ನೆನಪಿದೆ ಅಲ್ವಾ? ಶಾಲೆಗೆ ರಜೆ ಇದ್ದಾಗ ನೀನು ಅಲ್ಲೇ ಕೂತು ಸಾಗವಾನಿಯ ಸುರುಳಿಗಳ ಜೊತೆ ಆಡುತ್ತಿದ್ದೆ. ಒಂದು ದಿನ ನಿನ್ನ ಕಂಪಾಸ್ ಪೆಟ್ಟಿಗೆಯ ಸ್ಕೇಲನ್ನು ಕಾಕಾನ ಉಕ್ಕಿನ ಪಟ್ಟಿಯ ಪಕ್ಕ ಇಟ್ಟು, 'ಕಾಕಾ, ನಿಮ್ಮ ಸ್ಕೇಲ್ ತಪ್ಪೈತಿ' ಎಂದಿದ್ದೆ. ಅವರ ಪಟ್ಟಿಯಲ್ಲಿ 100 ಮಿಲಿಮೀಟರ್ ಎಂದರೆ ನಿಜಕ್ಕೂ 101. ಕರಗಿದ ಬೀಡುಕಬ್ಬಿಣ ಗಟ್ಟಿಯಾಗಿ ಆರುವಾಗ ನೂರಕ್ಕೆ ಸುಮಾರು ಒಂದರಷ್ಟು ಕುಗ್ಗುತ್ತದೆ. ಕಟ್ಟಿಗೆಯ ಪ್ಯಾಟರ್ನ್ ಮೊದಲೇ ಅಷ್ಟು ದೊಡ್ಡದಿರಬೇಕು. ಕಾಕಾ ನಿನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಇದನ್ನು ತಿಳಿಸಿ ಹೇಳಿದ್ದರು.

ಮುಂದಿನದು ನಿನಗೆ ಗೊತ್ತಿಲ್ಲ. ಆಗ ನೀನು ಗೋಗಟೆ ಕಾಲೇಜು ಮುಗಿಸಿ ಪುಣೆಗೆ ಹೋಗಿದ್ದೆ. ಕಂಪ್ಯೂಟರಿನಲ್ಲಿ ಡಿಸೈನ್ ಮಾಡಿ, ಸಿಎನ್‌ಸಿ ಮಷಿನ್‌ನಲ್ಲಿ ಅಲ್ಯೂಮಿನಿಯಂ ಪ್ಯಾಟರ್ನ್ ಕೆತ್ತೋಣ ಎಂದು ನಾನು ತೀರ್ಮಾನ ಮಾಡಿದೆ. ಕಾಕಾನಿಗೆ ಹೇಳಲಿಲ್ಲ. ನೊಂದುಕೊಳ್ಳುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜವಾಗಿ, ಅವರ ಮುಖ ನೋಡಿ ಹೇಳುವ ಧೈರ್ಯ ನನಗಿರಲಿಲ್ಲ. ಲಾರಿಯಿಂದ ಪೆಟ್ಟಿಗೆ ಇಳಿಯುವಾಗಲೇ ಅವರಿಗೆ ಗೊತ್ತಾಯಿತು. ಒಂದು ಮಾತೂ ಆಡಲಿಲ್ಲ. ಆ ವರ್ಷ ಖಂಡೇನವಮಿಗೆ ಅವರ ಉಳಿ, ಬಾಚಿ ಪೂಜೆಯಲ್ಲಿ ಇರಲಿಲ್ಲ, ಮನೆಗೆ ಒಯ್ದಿದ್ದರು. ಮರುದಿನ ಬನ್ನಿ ಕೊಡಲು ಎಲ್ಲರೂ ನಮ್ಮ ಮನೆಗೆ ಬಂದರು. ಅವರು ಬರಲಿಲ್ಲ. ಆಮೇಲೆ ಕೆಲಸಕ್ಕೂ ಬರಲಿಲ್ಲ.

ಕಂಪ್ಯೂಟರಿನಲ್ಲಿ ಡಿಸೈನ್ ಮಾಡಲು ಬಂದ ಹೊಸ ಹುಡುಗ ಜಾಣ. ಕುಗ್ಗುವ ಲೆಕ್ಕ ಸರಿಯಾಗಿಯೇ ಹಾಕಿದ್ದ. ಆದರೆ ಪಕ್ಕದ ಗೋಡೆಗಳಿಗೆ ಇಳಿಜಾರು ಸಾಲಲಿಲ್ಲ. ಪ್ಯಾಟರ್ನ್ ಎತ್ತುವಾಗ ಮರಳಿನ ಅಂಚು ಕಿತ್ತು ಬರುತ್ತಿತ್ತು. ಮೂರು ದಿನ ನಾವು ಮರಳನ್ನೇ ಬೈದೆವು. ನೀರು ಜಾಸ್ತಿ, ಮರಳು ಹಿಡಿದಿಡುವ ಬೆಂಟೊನೈಟ್ ಜೇಡಿ ಕಡಿಮೆ ಎಂದು. ಕೊನೆಗೆ ನಾನು ಕಾಕಾನ ಮನೆಗೆ ಹೋಗಿ, ಬಾಗಿಲಲ್ಲೇ ನಿಂತು, ತಪ್ಪಾಯಿತು ಎಂದೆ. ಅವರು ಬಂದರು. ಪ್ಯಾಟರ್ನ್ ಮೇಲೆ ಹೆಬ್ಬೆರಳು ಆಡಿಸಿ, 'ಇಲ್ಲೊಂದು ಡಿಗ್ರಿ ಜಾಸ್ತಿ ಕೊಡ್ರಿ' ಎಂದರು. ಅಷ್ಟೇ. ಮುಂದೆ ಐದು ವರ್ಷ ಆ ಹುಡುಗನ ಪಕ್ಕ ಕೂತರು. ಅವನು ಅವರಿಗೆ ಮೌಸ್ ಹಿಡಿಯಲು ಕಲಿಸಿದ, ಇವರು ಅವನಿಗೆ ಮರಳು ಹೇಗೆ ಬಿಡುತ್ತದೆ ಎಂದು ಕಲಿಸಿದರು.

ಆ ಐದು ವರ್ಷ ನಮಗೆ ಸಿಗದೇ ಹೋಗಬಹುದಿತ್ತು. ನೆನೆದರೆ ಈಗಲೂ ಎದೆ ಭಾರವಾಗುತ್ತದೆ.

ಅದಕ್ಕೇ ಕೇಳುತ್ತೇನೆ. ಮಷಿನ್ ಆರ್ಡರ್‌ಗೆ ಸಹಿ ಹಾಕುವ ಮೊದಲು ಎಲ್ಲರನ್ನೂ ಕರೆ. ಆಫೀಸಿಗೆ ಬೇಡ, ಮೋಲ್ಡಿಂಗ್ ಶೆಡ್‌ಗೆ ನೀನೇ ಹೋಗು. ಯಾವ ಕೆಲಸ ನಿಲ್ಲುತ್ತದೆ, ಯಾವಾಗ ನಿಲ್ಲುತ್ತದೆ, ಬಾಯಿಬಿಟ್ಟು ಹೇಳು. ಕೆಲವರು ಸಿಟ್ಟಾಗುತ್ತಾರೆ, ಆಗಲಿ. ಕೊಡಲಾಗದ ಭರವಸೆ ಮಾತ್ರ ಕೊಡಬೇಡ. 'ಗೊತ್ತಿಲ್ಲ, ತಿಳಿದ ದಿನವೇ ಹೇಳುತ್ತೇನೆ' ಎಂದರೆ ನಮ್ಮ ಜನ ನಂಬುತ್ತಾರೆ. ಸುಮ್ನೆ ಇದ್ದರೆ ನಂಬುವುದಿಲ್ಲ. ಉದ್ಯಮಬಾಗದ ಚಹಾದಂಗಡಿಯಲ್ಲಿ ಸುದ್ದಿ ನಮಗಿಂತ ಮೊದಲೇ ಓಡಾಡುತ್ತದೆ.

ಹಳಬರು ಕೆಲವರು ನಿನ್ನನ್ನು ದಾಟಿ ನನ್ನ ಹತ್ತಿರ ಬರುತ್ತಾರೆ. ಅವರನ್ನು ನಿನ್ನ ಹತ್ತಿರವೇ ಕಳಿಸುತ್ತೇನೆ, ಅದು ನನ್ನ ಮಾತು. ಬೆಳಗ್ಗೆ ಎಂಟಕ್ಕೆ ಫರ್ನೇಸ್ ಹತ್ತಿರ ಒಂದು ಸುತ್ತು ಬರುವುದನ್ನು ಮಾತ್ರ ಬಿಡಿಸಬೇಡ. ಅಲ್ಲಿಯವನು, ಲೋಹದಲ್ಲಿ ಏನೇನಿದೆ ಎಂದು ಅಳೆಯುವ ಸ್ಪೆಕ್ಟ್ರೋಮೀಟರ್ ಬಂದ ಮೇಲೂ, ಒಂದು ಚೂರು ಹೊಯ್ದು, ಮುರಿದು, ಮುರಿದ ಜಾಗದಲ್ಲಿ ಬಿಳಿ ಎಷ್ಟಿದೆ ನೋಡುತ್ತಾನೆ. ಅದನ್ನು ಅವನ ಜೊತೆ ನಿಂತು ನೋಡುವುದು ನನಗೆ ಇಷ್ಟ.

9ನೇ ಪುಟದ ಹಿಂದೆ 38 ಜನರ ಹೆಸರು ಬರೆದಿದ್ದೇನೆ. ಪ್ರತಿ ಹೆಸರಿನ ಮುಂದೆ ಅವರಿಗೆ ಏನೇನು ಬರುತ್ತದೆ ಎಂದು ಬರೆಯುತ್ತಾ ಹೋದೆ. ಎರಕದ ಒಳಗೆ ಟೊಳ್ಳು ಬಿಡಲು ಇಡುವ ಮರಳಿನ ಅಚ್ಚು, ಆ ಕೋರ್ ಮಾಡುವ ನಾಲ್ವರು ಹೆಣ್ಣುಮಕ್ಕಳ ಹೆಸರು ಬಂದಾಗ ಪೆನ್ನು ನಿಂತಿತು. ವಾಲ್ವ್ ಬಾಡಿಯ ಒಳಗಿನ ಎಣ್ಣೆದಾರಿಗಳೆಲ್ಲ ಕೋರ್ ಮೇಲೆಯೇ ನಿಂತಿವೆ. ಕೋರ್ ಕೂದಲೆಳೆ ಸರಿದರೂ ಮಾಲು ವಾಪಸ್ ಬರುತ್ತದೆ. ಅಂದರೆ ನಿನ್ನ ಹೊಸ ಧಂದೆ ಇವರ ಕೈಯಲ್ಲಿದೆ. ಇಷ್ಟು ವರ್ಷದಲ್ಲಿ ಅವರಿಗೆ ಇನ್ನೇನು ಬರುತ್ತದೆ, ಏನು ಕಲಿಯಬೇಕೆಂದಿದೆ ಎಂದು ನಾನು ಒಮ್ಮೆಯೂ ಕೇಳಲಿಲ್ಲ. ಆ ನಾಲ್ಕು ಜಾಗ ಖಾಲಿ ಬಿಟ್ಟಿದ್ದೇನೆ. ನಾಳೆ ನೀನು ಕೇಳಿ ತುಂಬು.

ನಿನ್ನ
ಅಪ್ಪ