ಗ್ಲಾಕೋಮಾ: ಲೇಸರ್‌ಗೆ ಮೊದಲು ಕೋನದ ಪರೀಕ್ಷೆ ಆಗಲಿ

ಮಾನ್ಯ ಸಂಪಾದಕರೇ,

‘ಕಣ್ಣಿನ ಪ್ರೆಶರ್‌ಗೆ ಲೇಸರ್ ಮಾಡಿಸಿಬಿಟ್ಟರೆ ಡ್ರಾಪ್ಸ್ ಹಾಕುವ ಕಾಟವೇ ಇರುವುದಿಲ್ಲ’ ಎಂಬ ಮಾತು ಗ್ಲಾಕೋಮಾ (ಸಾಮಾನ್ಯವಾಗಿ ಕಣ್ಣಿನೊಳಗಿನ ಪ್ರೆಶರ್ ಏರಿ ದೃಷ್ಟಿ ನರ ಹಾಳಾಗುವ ಕಾಯಿಲೆ) ರೋಗಿಗಳ ನಡುವೆ ಹರಡಿದೆ. ಲೇಸರ್ ಒಳ್ಳೆಯ ಚಿಕಿತ್ಸೆಯೇ. ಆದರೆ ಯಾವ ಕಣ್ಣಿಗೆ ಯಾವ ಲೇಸರ್ ಎಂದು ತಿಳಿಸುವ ಗೋನಿಯೋಸ್ಕೋಪಿ, ಅಂದರೆ ಕಣ್ಣಿನ ಕೋನದ ಪರೀಕ್ಷೆ, ಅವಸರದಲ್ಲಿ ಬಿಟ್ಟುಹೋಗಬಾರದು.

ಕಣ್ಣಿನೊಳಗಿನ ದ್ರವ ಹೊರಹೋಗುವ ಜಾಲರಿ ಇರುವುದು ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಮತ್ತು ಐರಿಸ್ (ಪಾಪೆಯ ಸುತ್ತಲಿನ ಬಣ್ಣದ ಭಾಗ) ಸೇರುವ ಕೋನದಲ್ಲಿ. ಅದು ನೇರವಾಗಿ ಕಾಣುವುದಿಲ್ಲ. ಮರಗಟ್ಟಿಸುವ ಹನಿ ಹಾಕಿ, ಕನ್ನಡಿಯುಳ್ಳ ಲೆನ್ಸನ್ನು ಕಣ್ಣಿನ ಮೇಲಿಟ್ಟು, ಕೋಣೆ ಕತ್ತಲಾಗಿಸಿ, ಕಿರಿದಾದ ಬೆಳಕಿನಲ್ಲಿ ನೋಡಬೇಕು. ಬೆಳಕು ಪಾಪೆಯ ಮೇಲೆ ಬಿದ್ದರೆ ಪಾಪೆ ಕುಗ್ಗಿ, ಮುಚ್ಚಿದ ಕೋನವೂ ತೆರೆದಂತೆ ತೋರುತ್ತದೆ. ಲೆನ್ಸನ್ನು ಜೋರಾಗಿ ಒತ್ತಿದರೂ ಅಷ್ಟೇ.

ಕೋನ ತೆರೆದಿದ್ದರೆ ಎಸ್‌ಎಲ್‌ಟಿ (ಸೆಲೆಕ್ಟಿವ್ ಲೇಸರ್ ಟ್ರಬೆಕ್ಯುಲೋಪ್ಲಾಸ್ಟಿ), ಅಂದರೆ ದ್ರವ ಸರಾಗವಾಗಿ ಹೊರಹೋಗಲೆಂದು ಆ ಜಾಲರಿಗೇ ಕೊಡುವ ಲೇಸರ್. 532 ನ್ಯಾನೋಮೀಟರ್‌ನ ಹಸಿರು ಲೇಸರ್, 400 ಮೈಕ್ರಾನ್ ಅಗಲದ ಚುಕ್ಕೆ, ಒಂದೊಂದು ಹೊಡೆತ 3 ನ್ಯಾನೋಸೆಕೆಂಡ್. ಸುತ್ತಲೂ ಸುಮಾರು 100 ಹೊಡೆತ. ಸಾಮಾನ್ಯವಾಗಿ 0.8 ಮಿಲಿಜೌಲ್‌ನಿಂದ ಶುರುಮಾಡಿ, ಜಾಲರಿಯಲ್ಲಿ ಸಣ್ಣ ಗುಳ್ಳೆ ಎದ್ದೂ ಏಳದಂತೆ ಕಾಣುವ ಮಟ್ಟಕ್ಕೆ ಶಕ್ತಿಯನ್ನು 0.1ರಂತೆ ಹೊಂದಿಸುತ್ತಾರೆ. ಜಾಲರಿಯಲ್ಲಿ ಕಂದು ಬಣ್ಣ ದಟ್ಟವಾಗಿದ್ದರೆ ಇನ್ನೂ ಕಡಿಮೆ ಶಕ್ತಿಗೇ ಗುಳ್ಳೆ ಏಳುತ್ತದೆ. ಅಲ್ಲಿಯೂ 0.8ನ್ನೇ ಹಿಡಿದು ಕೂತರೆ ಪ್ರೆಶರ್ ಇಳಿಯುವ ಬದಲು ಥಟ್ಟನೆ ಏರಬಹುದು. ನರ ಆಗಲೇ ಸಾಕಷ್ಟು ಹಾಳಾದವರಿಗೆ ಈ ಏರಿಕೆ ಅಪಾಯಕಾರಿ. ಅದಕ್ಕೇ ಮೊದಲು ಪ್ರೆಶರ್ ತಗ್ಗಿಸುವ ಬ್ರಿಮೋನಿಡಿನ್ ಹನಿ ಹಾಕುವುದು, ಲೇಸರ್ ಆದ ಒಂದು ಗಂಟೆಯ ಹೊತ್ತಿಗೆ ಪ್ರೆಶರ್ ಮತ್ತೆ ನೋಡುವುದು. ‘ಮುಗಿಯಿತು, ಹೊರಡಿ’ ಎಂದರೂ ದಯವಿಟ್ಟು ಕೂತು ಪ್ರೆಶರ್ ನೋಡಿಸಿಕೊಂಡೇ ಹೋಗಿ.

ಫಲ ಗೊತ್ತಾಗಲು ನಾಲ್ಕರಿಂದ ಆರು ವಾರ ಬೇಕು. ಹಳೆಯ ಡ್ರಾಪ್ಸನ್ನು ಅಂದೇ ನಿಲ್ಲಿಸುವುದು ರೋಗಿಗಳಿಂದ ಆಗುವ ದೊಡ್ಡ ತಪ್ಪು. ವೈದ್ಯರು ಹೇಳುವವರೆಗೆ ಹಾಕುತ್ತಿರಬೇಕು. ಯುನೈಟೆಡ್ ಕಿಂಗ್‌ಡಂನಲ್ಲಿ 718 ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ‘ಲೈಟ್’ ಅಧ್ಯಯನದಲ್ಲಿ, ಮೊದಲಿಗೇ ಎಸ್‌ಎಲ್‌ಟಿ ಪಡೆದವರ ಪೈಕಿ ಶೇ 74ರಷ್ಟು ಮಂದಿ ಮೂರು ವರ್ಷಗಳಾದಾಗ ಡ್ರಾಪ್ಸ್ ಇಲ್ಲದೆ ಗುರಿಯ ಪ್ರೆಶರ್‌ನಲ್ಲಿದ್ದರು. ಆದರೆ ಅವರೆಲ್ಲ ಹೊಸದಾಗಿ ಪತ್ತೆಯಾದವರು, ತೆರೆದ ಕೋನದವರು. ಪರಿಣಾಮ ಕೆಲವು ವರ್ಷಗಳಲ್ಲಿ ತಗ್ಗುತ್ತದೆ, ಆಗ ಮತ್ತೆ ಮಾಡಬಹುದು. ಹಾಗಾಗಿ ತಪಾಸಣೆ ತಪ್ಪುವಂತಿಲ್ಲ.

ಕೋನ ಮುಚ್ಚಿದ್ದರೆ ಲೆಕ್ಕವೇ ಬೇರೆ. ಎಸ್‌ಎಲ್‌ಟಿ ಕಿರಣ ಜಾಲರಿಗೆ ತಲುಪುವುದೇ ಇಲ್ಲ, ಐರಿಸ್ಸಿಗೆ ಬಡಿಯುತ್ತದೆ. ಅಂಥವರಿಗೆ ಪೈಲೋಕಾರ್ಪಿನ್ ಹಾಕಿ ಪಾಪೆ ಕುಗ್ಗಿಸಿ, ಯಾಗ್ ಎಂಬ ಇನ್ನೊಂದು ಬಗೆಯ ಲೇಸರ್‌ನಿಂದ ಐರಿಸ್‌ನ ಹೊರ ಅಂಚಿನಲ್ಲಿ ಕನಿಷ್ಠ 150–200 ಮೈಕ್ರಾನ್‌ನ ರಂಧ್ರ ಮಾಡುವ ಇರಿಡಾಟಮಿ ಬೇಕು. ನಮ್ಮವರ ದಪ್ಪ ಕಂದು ಐರಿಸ್ಸಿನಲ್ಲಿ ಚೂರು ರಕ್ತ ಜಿನುಗಬಹುದು. ಲೆನ್ಸನ್ನು ಕಣ್ಣಿಗೆ ಅರೆ ನಿಮಿಷ ಒತ್ತಿ ಹಿಡಿದರೆ ಬಹುಮಟ್ಟಿಗೆ ನಿಲ್ಲುತ್ತದೆ. ಕೋನ ಆಗಲೇ ಅಂಟಿಕೊಂಡಿದ್ದರೆ ರಂಧ್ರವೊಂದರಿಂದಲೇ ಪ್ರೆಶರ್ ಇಳಿಯದು. ಡ್ರಾಪ್ಸೋ, ಪೊರೆಯ ಆಪರೇಷನ್ನೋ ಬೇಕಾದೀತು.

ಯಾವ ಲೇಸರ್ ಆದರೂ ಹೋದ ದೃಷ್ಟಿಯನ್ನು ತರುವುದಿಲ್ಲ, ಇರುವುದನ್ನು ಉಳಿಸುತ್ತದೆ. ಚಿಕಿತ್ಸೆಗೆ ಮೊದಲೇ ಇದನ್ನು ಹೇಳದಿದ್ದರೆ ರೋಗಿ ‘ಏನೂ ಉಪಯೋಗವಾಗಲಿಲ್ಲ’ ಎಂದು ಆಸ್ಪತ್ರೆಯ ಕಡೆ ಮತ್ತೆ ತಲೆ ಹಾಕುವುದಿಲ್ಲ.

ಸರ್ಕಾರಿಯೋ ಖಾಸಗಿಯೋ, ಎಲ್ಲ ಕಣ್ಣಾಸ್ಪತ್ರೆಗಳಲ್ಲೂ ನಮ್ಮ ಕೋರಿಕೆ ಒಂದೇ. ಲೇಸರ್ ಮಾಡಿದ ದಿನ ರೋಗಿಯ ಚೀಟಿಯಲ್ಲಿ ಕೋನದ ಗ್ರೇಡ್ (ಕೋನ ಎಷ್ಟು ತೆರೆದಿದೆ ಎಂಬುದು), ಲೇಸರ್‌ನ ಹೆಸರು, ಎಷ್ಟು ಮಿಲಿಜೌಲ್, ಎಷ್ಟು ಹೊಡೆತ, ಹಿಂದಿನ ಮತ್ತು ನಂತರದ ಪ್ರೆಶರ್ ಬರೆದುಕೊಡಿ. ‘ಲೇಸರ್ ಡನ್’ ಎಂದಷ್ಟೇ ಇರುವ ಚೀಟಿ ಹಿಡಿದು ಬಂದವರಿಗೆ ಎರಡನೇ ಸಲ ಲೇಸರ್ ಮಾಡಬೇಕೇ, ಬೇಡವೇ ಎಂದು ಮುಂದಿನ ವೈದ್ಯರು ತೀರ್ಮಾನಿಸುವುದು ಕಷ್ಟ.

— ನೇತ್ರ ವೈದ್ಯರು, ಹುಬ್ಬಳ್ಳಿ