ಏಳೂವರೆ ಲೀಟರ್ ಪೆಟ್ಟಿಗೆಯ ಋಣ

ಕಂಪ್ಯೂಟರಿಗೆಂದು ನಾನೇ ಮಾಡುತ್ತಿದ್ದ ಅಲ್ಯೂಮಿನಿಯಂ ಪೆಟ್ಟಿಗೆ ಮುಗಿಯಿತು. ಉದ್ದ 320, ಎತ್ತರ 205, ಅಗಲ 115 ಮಿಲಿಮೀಟರ್. ಒಟ್ಟು ಏಳೂವರೆ ಲೀಟರ್. ಈ ಸಾಲುಗಳನ್ನು ಅದರೊಳಗೆ ಕೂತಿರುವ ಕಂಪ್ಯೂಟರಿನಲ್ಲೇ ಬರೆಯುತ್ತಿದ್ದೇನೆ. ನಕ್ಷೆ ಎಷ್ಟು ಸಲ ಬದಲಾಯಿತು, ವಿದ್ಯುತ್ ಪೂರೈಕೆಯ ಡಬ್ಬಿ ಎಲ್ಲಿಂದ ಎಲ್ಲಿಗೆ ಹೋಯಿತು ಎಂಬ ಪುರಾಣವನ್ನು ನೀವೆಲ್ಲ ಬೇಡವೆನ್ನುವಷ್ಟು ಕೇಳಿದ್ದೀರಿ. ಅದನ್ನು ಮತ್ತೆ ಬಿಚ್ಚುವುದಿಲ್ಲ. ಯಾರ್‍ಯಾರ ಋಣ ನನ್ನ ಮೇಲಿದೆ ಎಂಬುದನ್ನಷ್ಟೇ ಹೇಳಬೇಕಿದೆ.

ನಕ್ಷೆ ಬಿಡಿಸುವ ತಂತ್ರಾಂಶ ಫ್ರೀಕ್ಯಾಡ್ ಕಲಿಸಿದ ಹಳೆಯ ಸಹೋದ್ಯೋಗಿಗೆ, ರಟ್ಟಿನ ಮಾದರಿಗಳನ್ನು ನನಗಿಂತ ನೇರವಾಗಿ ಕತ್ತರಿಸಿಕೊಟ್ಟ ತಮ್ಮನ ಮಗಳಿಗೆ, ಗ್ರಾಫಿಕ್ಸ್ ಕಾರ್ಡಿನ ದಪ್ಪವನ್ನು ಕ್ಯಾಲಿಪರ್ ಹಿಡಿದು ಅಳೆದು ಕಳಿಸಿದ ಗೆಳೆಯನಿಗೆ (ಪೊಟ್ಟಣದ ಮೇಲೆ ಬರೆದ ದಪ್ಪವನ್ನು ನಂಬಿ ತಗಡು ಕತ್ತರಿಸಬಾರದು ಎಂಬುದು ಅವನ ಖಚಿತ ಮತ) ವಂದನೆಗಳು. ಮುಖ ನೋಡದವರಿಗೂ ಒಂದು ನಮಸ್ಕಾರ ಸಲ್ಲಬೇಕು. 2001ರಲ್ಲಿ ವಿಯಾ ಕಂಪನಿ 17 ಸೆಂಟಿಮೀಟರ್ ಚೌಕದ ಮಿನಿ ಐಟಿಎಕ್ಸ್ ಎಂಬ ಮದರ್‌ಬೋರ್ಡಿನ ಅಳತೆಯನ್ನು ಹೊರತಂದಿತು. ನಾಲ್ಕು ಸ್ಕ್ರೂಗಳ ಜಾಗ ಅಂದಿನಿಂದ ಕದಲಿಲ್ಲ. ಬೋರ್ಡು ಮನೆಗೆ ಬರುವ ಮೊದಲೇ ಧೈರ್ಯವಾಗಿ ರಂಧ್ರ ಕೊರೆದಿಟ್ಟುಕೊಳ್ಳಲು ಸಾಧ್ಯವಾದದ್ದು ಅದರಿಂದ. ಒಮ್ಮೆ ಹೇಳಿದ ಅಳತೆಗೆ ಇಷ್ಟು ವರ್ಷ ಬದ್ಧವಾಗಿರುವವರು ಈ ಕಂಪ್ಯೂಟರ್ ಲೋಕದಲ್ಲಿ ಕಡಿಮೆ.

ತಗಡು ಬಾಗಿಸಿಕೊಟ್ಟವರಿಗೆ ಎರಡು ಮಾತು ಹೆಚ್ಚು ಹೇಳುತ್ತೇನೆ. ನಾನು 6061 ಎಂಬ ಬಗೆಯ ಅಲ್ಯೂಮಿನಿಯಂ ಎಂದು ಬರೆದುಕೊಂಡು ಹೋಗಿದ್ದೆ. ಅದು ಬಿಗಿಯಾದ ಬಾಗುವಿಕೆಯಲ್ಲಿ ಸೀಳುತ್ತದೆ, 5052 ತೆಗೆದುಕೊಳ್ಳಿ ಎಂದರು. ಬಾಗಿಸಿದ ಮೇಲೆ ಹೊರ ಅಳತೆ ಒಂದು ಕಡೆ 100, ಇನ್ನೊಂದು ಕಡೆ 50 ಮಿಲಿಮೀಟರ್ ಬೇಕೆಂದು 150ರ ಪಟ್ಟಿ ಕತ್ತರಿಸಿದರೆ ಪೆಟ್ಟಿಗೆ ಕೂಡುವುದಿಲ್ಲ. ಬಾಗುವಲ್ಲಿ ಲೋಹ ಹಿಗ್ಗುವುದರಿಂದ, ಒಳಮೂಲೆಯ ದುಂಡು 2 ಮಿಲಿಮೀಟರ್ ಇರುವ 2 ಮಿಲಿಮೀಟರ್ ತಗಡಿಗೆ 146ರ ಆಸುಪಾಸು ಸಾಕು. ಈ ಲೆಕ್ಕವನ್ನು ಅವರು ಕಾಗದವಿಲ್ಲದೆ ಹೇಳಿದರು. ಹಾಗೆ ಹೇಳುವವರನ್ನು ಕಂಡರೆ ನನಗೆ ಈಗಲೂ ಹೊಟ್ಟೆಕಿಚ್ಚು.

ಇನ್ನು ಅತ್ತೆ, ಅಪ್ಪನ ಅಕ್ಕ.

ಮಾವ ಕೈಗಡಿಯಾರ ರಿಪೇರಿ ಮಾಡುತ್ತಿದ್ದರು. ಅವರ ಮೇಜಿನ ಎದುರು ಬದಿಯಲ್ಲಿ ಕೂತು ಬಿಡಿಭಾಗಗಳನ್ನು ತೊಳೆದು, ಒರೆಸಿ, ಬಿಚ್ಚಿದ ಕ್ರಮದಲ್ಲೇ ಜೋಡಿಸಿಡುವುದು ಅತ್ತೆಯ ಕೆಲಸವಾಗಿತ್ತು. ಕಂಪ್ಯೂಟರ್ ಬಗ್ಗೆ ಅವರಿಗೆ ಕಿಂಚಿತ್ತೂ ಕುತೂಹಲವಿಲ್ಲ. ಈ ಪೆಟ್ಟಿಗೆಯೊಳಗೆ ಏನಿದೆ ಎಂದು ಇವತ್ತಿನವರೆಗೂ ಕೇಳಿಲ್ಲ.

ಅವರು ನಮ್ಮ ಮನೆಯಲ್ಲಿ ಉಳಿದುಕೊಂಡಿದ್ದಾಗಲೇ ಪೆಟ್ಟಿಗೆಯ ಮೂಲೆಗೆ ಕೂರುವ ಅಲ್ಯೂಮಿನಿಯಂ ಗಟ್ಟಿಯೊಂದರಲ್ಲಿ ಎಂ3 ಟ್ಯಾಪ್, ಅಂದರೆ 3 ಮಿಲಿಮೀಟರ್ ಸ್ಕ್ರೂ ಕೂರಲು ರಂಧ್ರದೊಳಗೆ ಸುರುಳಿ ಥ್ರೆಡ್ ಕೊರೆಯುವ ಉಪಕರಣ, ಮುರಿಯಿತು. ಎರಡೂವರೆ ಮಿಲಿಮೀಟರ್ ರಂಧ್ರ, ಆಚೆ ಬದಿಗೆ ತೆರೆಯದ್ದು. ಕೊರೆದ ಚೂರು ತಳದಲ್ಲಿ ಒತ್ತಿಕೊಂಡರೆ ಅಷ್ಟು ಸಪೂರದ ಟ್ಯಾಪ್ ತಾಳುವುದಿಲ್ಲ. ಟಕ್ಕೆಂದಿತು. ತುಂಡು ಒಳಗೇ ಉಳಿಯಿತು. ಇಕ್ಕಳಕ್ಕೆ ಸಿಗುವಷ್ಟೂ ಹೊರಗಿರಲಿಲ್ಲ. ಡ್ರಿಲ್ ಇಟ್ಟರೆ ಅದರ ಮೊನೆ ಆ ಗಡಸು ಉಕ್ಕಿನಿಂದ ಜಾರಿ ಪಕ್ಕದ ಮೆತ್ತನೆಯ ಅಲ್ಯೂಮಿನಿಯಂ ಅನ್ನೇ ತಿನ್ನುತ್ತದೆ. ನಾಲ್ಕೂ ಗಟ್ಟಿಗಳನ್ನು ಜೊತೆಗಿಟ್ಟು ಅರದಿಂದ ಉಜ್ಜಿ ಒಂದೇ ಎತ್ತರಕ್ಕೆ ತಂದಿದ್ದೆ. ಒಂದು ಹೋದರೆ ನಾಲ್ಕೂ ಹೋದಂತೆ.

ಕೆಲಸ ಹೋಗಿ ತಿಂಗಳುಗಳಾಗಿದ್ದವು. ಅದು ನಿಮಗೆ ಗೊತ್ತಿದೆ. ಗೊತ್ತಿಲ್ಲದ್ದು ಇಷ್ಟು: ಮನೆಯವರ ಮುಂದೆ, ನಿಮ್ಮ ಮುಂದೆ, ಫೋನಿನಲ್ಲಿ ‘ನೋಡೋಣ, ಸಿಗುತ್ತದೆ’ ಎನ್ನುತ್ತಾ ನಗುತ್ತಿದ್ದವನಿಗೆ ಆ ಒಂದು ಉಕ್ಕಿನ ತುಂಡಿನ ಮುಂದೆ ಅಳು ತಡೆಯಲಾಗಲಿಲ್ಲ. ಸಂದರ್ಶನಗಳಿಂದ ಬರಿಗೈಯಲ್ಲಿ ಬಂದಾಗ ಬಾರದ ಅಳು ಅದು. ಇದೊಂದಾದರೂ ನನ್ನ ಕೈಯಲ್ಲಿ ಆಗುತ್ತದೆ ಎಂದುಕೊಂಡಿದ್ದೆ. ನನ್ನಿಂದ ಯಾರಿಗೂ ಏನೂ ಉಪಯೋಗವಿಲ್ಲ ಎಂದು ಗಟ್ಟಿಯಾಗಿಯೇ ಹೇಳಿಬಿಟ್ಟೆ. ಹೊತ್ತು ಮೀರಿತ್ತು, ಎಲ್ಲರೂ ಮಲಗಿದ್ದಾರೆ ಎಂದುಕೊಂಡಿದ್ದೆ.

ಅತ್ತೆ ಬಾಗಿಲಲ್ಲಿ ನಿಂತಿದ್ದರು. ನಾನು ಹೇಳಿದ ಮಾತಿಗೆ ಉತ್ತರ ಕೊಡಲಿಲ್ಲ. ಗಟ್ಟಿಯನ್ನು ಎತ್ತಿ ದೀಪಕ್ಕೆ ಹಿಡಿದು ರಂಧ್ರದೊಳಗೆ ನೋಡಿ, ‘ಮನೆಯಲ್ಲಿ ಪಟಿಕ ಇದೆಯೇನೋ?’ ಎಂದು ಕೇಳಿದರು.

ಹಿತ್ತಾಳೆಯ ತಟ್ಟೆಯೊಳಗೆ ಗಡಿಯಾರದ ಉಕ್ಕಿನ ಸ್ಕ್ರೂ ಮುರಿದರೆ ಮಾವ ಮಾಡುತ್ತಿದ್ದ ಉಪಾಯ ಅದಂತೆ. ಪಟಿಕದ ನೀರು ಉಕ್ಕನ್ನು ಕರಗಿಸುತ್ತದೆ, ಹಿತ್ತಾಳೆಯನ್ನು ಮುಟ್ಟುವುದಿಲ್ಲ. ಅಲ್ಯೂಮಿನಿಯಂ ಮೇಲೆ ತಾನಾಗಿ ಕೂಡುವ ಆಕ್ಸೈಡಿನ ಪೊರೆ ಇರುವುದರಿಂದ ಅದೂ ಬಹುಪಾಲು ಉಳಿದುಕೊಳ್ಳುತ್ತದೆ ಎಂದು ನಾನು ಆಮೇಲೆ ಓದಿ ತಿಳಿದುಕೊಂಡೆ. ಅತ್ತೆ ಮೊದಲು ಗಟ್ಟಿಯಲ್ಲಿದ್ದ ಉಕ್ಕಿನ ಪಿನ್ನನ್ನು ಬಿಚ್ಚಿಸಿದರು, ಇಲ್ಲದಿದ್ದರೆ ಅದೂ ಹೋಗುತ್ತಿತ್ತು. ಸ್ಟೀಲ್ ಪಾತ್ರೆಗೆ ಕೈ ಹಾಕಿದ ನನ್ನನ್ನು, ‘ಉಕ್ಕು ತಿನ್ನುವ ನೀರಿಗೆ ಸ್ಟೀಲ್ ಪಾತ್ರೆಯೇ?’ ಎಂದು ಗದರಿದರು. ಗಾಜಿನ ಬಟ್ಟಲಿನಲ್ಲಿ ಪಟಿಕ ಕರಗಿಸಿ, ಅದನ್ನು ಬಿಸಿನೀರಿನ ಬಾಣಲೆಯಲ್ಲಿ ನಿಲ್ಲಿಸಿ, ಸಣ್ಣ ಉರಿಯ ಮೇಲೆ ಇಟ್ಟರು.

ಸ್ವಲ್ಪ ಹೊತ್ತಿಗೆ ಆ ಒಂದೇ ರಂಧ್ರದಿಂದ ಗುಳ್ಳೆಗಳ ತೆಳ್ಳನೆಯ ಸಾಲು ಮೇಲೇಳತೊಡಗಿತು. ಪಕ್ಕದಲ್ಲಿದ್ದ ಖಾಲಿ ರಂಧ್ರಗಳಲ್ಲಿ ಏನೂ ಇಲ್ಲ. ಗುಳ್ಳೆ ನಿಂತಾಗ ಅತ್ತೆ ಗಟ್ಟಿಯನ್ನು ಎತ್ತಿ, ಒಳಗೆ ಕೂತ ಕಪ್ಪು ಕೆಸರನ್ನು ಮರದ ಕಡ್ಡಿಯಿಂದ ತೆಗೆದು, ಮತ್ತೆ ಮುಳುಗಿಸುತ್ತಿದ್ದರು. ನೀರು ಆರಿದಷ್ಟು ಸೇರಿಸುತ್ತಿದ್ದರು. ಮಲಗಿ ಎಂದರೆ ಕೇಳಲಿಲ್ಲ. ‘ನಿಮ್ಮ ಮಾವನಿಗೂ ಇದನ್ನು ನಾನೇ ಕಾಯುತ್ತಿದ್ದೆ, ಅವರಿಗೆ ತಾಳ್ಮೆ ಇರಲಿಲ್ಲ’ ಎಂದರು. ರಾತ್ರಿಯಿಡೀ ಅವರು ನನ್ನ ಕೆಲಸದ ವಿಷಯ ಎತ್ತಲಿಲ್ಲ, ಎಲ್ಲ ಸರಿಹೋಗುತ್ತದೆ ಎನ್ನಲೂ ಇಲ್ಲ. ಮಾತಾಡಿದ್ದು ಗಡಿಯಾರಗಳ ಬಗ್ಗೆ, ಮತ್ತು ದುಡ್ಡು ಕೊಡದೆ ತಪ್ಪಿಸಿಕೊಂಡ ಗಿರಾಕಿಗಳ ಬಗ್ಗೆ. ಅವರಲ್ಲೊಬ್ಬನ ನಡಿಗೆಯನ್ನು ಅಡುಗೆಮನೆಯಲ್ಲೇ ನಡೆದು ತೋರಿಸಿದರು.

ಬೆಳಗಿನ ಜಾವ ತುಂಡು ಅಲುಗಾಡಿತು. ಚಿಮುಟದಲ್ಲಿ ಹಿಡಿದು ಎಳೆದದ್ದು ಅವರೇ, ಸವೆದು ಸೂಜಿಯಷ್ಟಾಗಿತ್ತು. ಗಟ್ಟಿಯನ್ನು ತೊಳೆದು ಒರೆಸಿ ನನ್ನ ಕೈಗೆ ಕೊಟ್ಟು, ‘ಸ್ಕ್ರೂ ಹಾಕಿ ನೋಡು’ ಎಂದರು. ಥ್ರೆಡ್ಡು ಹಾಗೇ ಇತ್ತು, ಬೆರಳಿನಲ್ಲೇ ತಿರುಗಿಸಿದ ಸ್ಕ್ರೂ ಆಳಕ್ಕೆ ಇಳಿಯಿತು. ಅತ್ತೆ ಮಲಗಲು ಹೋದರು.

ಅತ್ತೆ, ನೀವು ಇದನ್ನು ಓದುವುದಿಲ್ಲ, ಯಾರಾದರೂ ಓದಿ ಹೇಳುತ್ತಾರೆ. ಆ ರಾತ್ರಿ ನೀವು ನನ್ನನ್ನು ಸಮಾಧಾನ ಮಾಡಲು ಬಂದಿದ್ದರೆ ನಾನು ಮರುದಿನ ಎಲ್ಲವನ್ನೂ ಗುಜರಿಗೆ ಹಾಕುತ್ತಿದ್ದೆನೇನೋ. ನೀವು ಬಂದದ್ದು ಟ್ಯಾಪ್ ತೆಗೆಯಲು. ಅದಕ್ಕೆ ನಾನು ನಿಮಗೆ ಎಂದೆಂದಿಗೂ ಋಣಿ.

ಇಷ್ಟು ಸಣ್ಣ ಕ್ಯಾಬಿನೆಟ್‌ಗಳು ಸಿದ್ಧವಾಗಿಯೇ ಸಿಗುತ್ತವಲ್ಲ ಎಂದು ಕೇಳಿದವರಿಗೂ ವಂದನೆ. ಸಿಗುತ್ತವೆ, ನನ್ನದಕ್ಕಿಂತ ಚೆನ್ನಾಗಿಯೂ ಇರುತ್ತವೆ. ಆನೊಡೈಸ್ ಮಾಡಿದ (ಆಕ್ಸೈಡಿನ ಪೊರೆಯನ್ನು ಬೇಕೆಂದೇ ದಪ್ಪಗೊಳಿಸಿದ) ಮೇಲ್ಮೈಯಲ್ಲಿ ವಿದ್ಯುತ್ ಹರಿಯುವುದಿಲ್ಲ, ಸ್ಕ್ರೂ ಕೂರುವಲ್ಲಿ ಕೆರೆದು ಲೋಹ ಕಾಣಿಸು, ಇಲ್ಲದಿದ್ದರೆ ಅರ್ಥಿಂಗ್ ಸಿಗದು ಎಂದು ಸರಿಯಾದ ಹೊತ್ತಿಗೆ ಎಚ್ಚರಿಸಿದ ಭಾವನಿಗೆ ವಿಶೇಷ ವಂದನೆ. ಕೆಲಸದ ವಿಷಯ ಕೇಳುವವರಿಗೆ: ಇನ್ನೂ ಸಿಕ್ಕಿಲ್ಲ, ಎರಡು ಕಡೆ ಮಾತುಕತೆ ನಡೆದಿದೆ.

ನಕ್ಷೆ ಬೇಕಾದವರು ಕೇಳಿ, ಕಡತ ಹಾಗೆಯೇ ಕಳಿಸುತ್ತೇನೆ. 67 ಮಿಲಿಮೀಟರಿಗಿಂತ ಎತ್ತರದ ಪ್ರೊಸೆಸರ್ ಕೂಲರ್ ಹಿಡಿಯುವುದಿಲ್ಲ, ಕೊಳ್ಳುವ ಮೊದಲು ನೋಡಿಕೊಳ್ಳಿ. ಪಕ್ಕದ ಮನೆಯವರ ಡ್ರಿಲ್ ಸ್ಟ್ಯಾಂಡ್ ಭಾನುವಾರ ವಾಪಸ್ ಬರುತ್ತದೆ. ಅದರ ಚಕ್ ಕೀಲಿಯೂ ನನ್ನ ಬಳಿಯೇ ಇದೆ, ಹುಡುಕಬೇಡಿ.