ಲೆಸ್ಟರ್‌ನಿಂದ ಅಪ್ಪಾಜಿಗೆ, ಸೀರೆಯ ವಿಷಯ

ಲೆಸ್ಟರ್, ಇಂಗ್ಲೆಂಡ್
17 ಆಗಸ್ಟ್ 2025

ಅಪ್ಪಾಜಿ, ಅವ್ವ ಇಬ್ಬರಿಗೂ ಶರಣು ಶರಣಾರ್ಥಿಗಳು.

ನಾನು ಆರಾಮಾಗಿದ್ದೇನೆ. ಗಣಪತಿ ಹಬ್ಬಕ್ಕೆ ಇನ್ನು ಹತ್ತೇ ದಿನ. ಈ ಸಲವೂ ನಾನಿಲ್ಲದೆ ಕಡುಬು ಮಾಡುತ್ತೀರಿ ಅಂತ ನೆನೆದರೆ ಬೇಜಾರಾಗುತ್ತದೆ.

ಮೊನ್ನೆ ಅಣ್ಣ ಫೋನಿನಲ್ಲಿ ಕೇಳಿದ. ಭಾರತಕ್ಕೂ ಬ್ರಿಟನ್‌ಗೂ ವ್ಯಾಪಾರ ಒಪ್ಪಂದ ಆಯ್ತಂತೆ, ಬಟ್ಟೆ ಮೇಲಿನ ಸುಂಕ ಹೋಗುತ್ತದಂತೆ, ಇನ್ನು ನಮ್ಮ ಇಳಕಲ್ ಸೀರೆ ಅಲ್ಲಿಗೆ ಕಳಿಸಬಹುದಲ್ವಾ ಅಂತ. ನಾನು ಸುಮ್ನೆ "ನೋಡೋಣ" ಅಂದೆ. ಆಮೇಲೆ ಮನಸ್ಸಿಗೆ ಸಮಾಧಾನ ಆಗಲಿಲ್ಲ. ಮನೆಯ ಮಗ್ಗದ ವಿಷಯ ಅದು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಒಪ್ಪಂದಕ್ಕೆ 2025ರ ಜುಲೈ 24ರಂದು ಸಹಿ ಬಿದ್ದಿರುವುದು ನಿಜ. ಆದರೆ ನಾನು ಈ ಕಾಗದ ಬರೆಯುವ ಹೊತ್ತಿಗೆ ಇನ್ನೂ ಜಾರಿಗೆ ಬಂದಿಲ್ಲ. ಬಂದ ಮೇಲೆ ಬಟ್ಟೆಗೆ ಈಗಿರುವ ಶೇ 12ರವರೆಗಿನ ಸುಂಕ ಹೋಗುತ್ತದೆ. ಇಲ್ಲಿ ಮಾರುವ ಸರಕಿನ ಮೇಲೆ ಹಾಕುವ ಶೇ 20ರ ವ್ಯಾಟ್ ತೆರಿಗೆ ಮಾತ್ರ ಹಾಗೇ ಇರುತ್ತದೆ. ಅದನ್ನು ಅಣ್ಣ ಲೆಕ್ಕಕ್ಕೆ ಹಿಡಿದಿಲ್ಲ ಅನಿಸುತ್ತದೆ.

ಆದರೆ ನಾನು ಹೇಳಬೇಕಾದದ್ದು ಸುಂಕದ ಮಾತಲ್ಲ. ಈ ಊರಲ್ಲಿ ಬೆಲ್‌ಗ್ರೇವ್ ರೋಡ್ ಅಂತ ಒಂದು ಬೀದಿ ಇದೆ. ಎಲ್ಲರೂ ಗೋಲ್ಡನ್ ಮೈಲ್ ಅನ್ನುತ್ತಾರೆ. ಸೀರೆ ಅಂಗಡಿ, ಬಂಗಾರದ ಅಂಗಡಿ, ಫರಸಾಣ ಅನ್ನುವ ಗುಜರಾತಿ ಖಾರದ ತಿಂಡಿ ಮಾರುವ ಅಂಗಡಿ. ಕಣ್ಣು ಮುಚ್ಚಿ ನಡೆದರೆ ಕಿವಿಗೆ ಬೀಳುವುದು ಗುಜರಾತಿ. ಆ ಬೀದಿಯಲ್ಲಿ 2009ರಿಂದ ಗಾಂಧೀಜಿಯ ಪ್ರತಿಮೆಯೂ ಇದೆ. ಇದೆಲ್ಲ ಹೇಗೆ ಬಂತು ಅಂತ ಗೊತ್ತಾದ ಮೇಲೆ ನನಗೆ ಈ ಊರಿನ ಮೇಲೆ ಪ್ರೀತಿ ಜಾಸ್ತಿ ಆಯಿತು.

1972ರ ಆಗಸ್ಟ್‌ನಲ್ಲಿ ಉಗಾಂಡಾದ ಇದಿ ಅಮೀನ್, 90 ದಿನದಲ್ಲಿ ದೇಶ ಬಿಡಿ ಅಂತ ಅಲ್ಲಿಯ ಏಷ್ಯಾದವರಿಗೆ ಹೇಳಿಬಿಟ್ಟ. ಅವರಲ್ಲಿ ಗುಜರಾತಿಗಳೇ ಹೆಚ್ಚು. ಆಗ ಲೆಸ್ಟರ್ ನಗರಸಭೆ ಏನು ಮಾಡಿತು ಗೊತ್ತಾ ಅಪ್ಪಾಜಿ? ಉಗಾಂಡಾದ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿತು. ಇಲ್ಲಿ ಮನೆ ಇಲ್ಲ, ಶಾಲೆಯಲ್ಲಿ ಜಾಗ ಇಲ್ಲ, ನಿಮ್ಮ ಒಳ್ಳೆಯದಕ್ಕೇ ಹೇಳುತ್ತೇವೆ, ಲೆಸ್ಟರ್‌ಗೆ ಬರಬೇಡಿ ಅಂತ. ಆದರೂ ಸಾವಿರಾರು ಜನ ಇಲ್ಲಿಗೇ ಬಂದರು. ಅದೇ ನಗರ 1996ರಲ್ಲಿ ಗುಜರಾತಿನ ಸೌರಾಷ್ಟ್ರದ ರಾಜಕೋಟ್ ಜೊತೆ ಅವಳಿ ನಗರದ ನಂಟು ಮಾಡಿಕೊಂಡಿತು. ಬರಬೇಡಿ ಅಂದ ಊರೇ 24 ವರ್ಷದಲ್ಲಿ ಅವರ ಹಿರಿಯರ ನಾಡಿನ ಕಡೆ ಕೈ ಚಾಚಿತು. ಇದನ್ನು ಯಾರಿಗೆ ಹೇಳುವಾಗಲೂ ನನಗೆ ಗಂಟಲು ಕಟ್ಟುತ್ತದೆ.

ಆ ಬೀದಿಯಲ್ಲಿ ನನಗೆ ಪರಿಚಯದ ಒಂದು ಸೀರೆ ಅಂಗಡಿ ಇದೆ. ನಡೆಸುವವರನ್ನು ನಾನು ಮಾಸಿ, ಅಂದರೆ ಚಿಕ್ಕಮ್ಮ, ಅನ್ನುತ್ತೇನೆ. ಉಗಾಂಡಾದ ಕಂಪಾಲಾದಿಂದ ಬರುವಾಗ ಅವರಿಗೆ ಹನ್ನೊಂದು ವರ್ಷ. ಮನೆ, ಅಂಗಡಿ ಎಲ್ಲ ಅಲ್ಲೇ ಬಿಟ್ಟು, ಐವತ್ತು ಚಿಲ್ಲರೆ ಪೌಂಡ್ ಹಿಡಿದು ಇಡೀ ಮನೆಮಂದಿ ಬಂದರಂತೆ. ರಾಜಕೋಟ್ ನಮ್ಮೂರು ಅಂತಾರೆ, ಆದರೆ ಅದನ್ನು ಮೊದಲು ಕಂಡದ್ದು ಮದುವೆ ಆದ ಮೇಲೆ! ನಾದಿನಿಯ ಮದುವೆಗೆ ಸೀರೆ, ಬೆಳ್ಳಿ ಕಾಲ್ಗೆಜ್ಜೆ ತರಲು ಹೋದವರು, ಎರಡು ಸೂಟ್‌ಕೇಸ್ ತುಂಬಿಸಿಕೊಂಡು ಬಂದರು. ಪಕ್ಕದ ಮನೆಯವರು ನಮಗೂ ಬೇಕು ಅಂದರು. ಅಂಗಡಿ ಶುರುವಾದದ್ದು ಹಾಗೆ. ಈಗಲೂ ವರ್ಷಕ್ಕೊಮ್ಮೆ ರಾಜಕೋಟ್, ಸೂರತ್‌ಗೆ ಹೋಗಿ ಬರುತ್ತಾರೆ. ಅವಳಿ ನಗರದ ಕಾಗದದಿಂದ ನಿಮಗೆ ಏನು ಸಿಕ್ಕಿತು ಅಂತ ಕೇಳಿದೆ. "ಗೌರವ ಸಿಕ್ಕಿತು. ಸರಕು ನಾವೇ ತಂದೆವು" ಅಂದರು.

ಹೋದ ವಾರ ಅವ್ವ ಕೊಟ್ಟ ದಾಳಿಂಬೆ ಬಣ್ಣದ ಸೀರೆ ತೆಗೆದುಕೊಂಡು ಹೋಗಿ ಅವರ ಮುಂದೆ ಹರಡಿದೆ. ಅವರು ಮೊದಲು ದಡಿ ನೋಡಿದರು, ಆಮೇಲೆ ಟೋಪ ತೆನಿ ವಿನ್ಯಾಸದ ಸೆರಗು. ಒಡಲೂ ಸೆರಗೂ ಕೂಡುವಲ್ಲಿ ಬೆರಳು ಆಡಿಸುತ್ತಾ ನಿಂತುಬಿಟ್ಟರು. "ಇದು ಹೊಲಿದಿದ್ದಾ?" ಅಂತ ಕೇಳಿದರು. ಇಲ್ಲ ಮಾಸಿ, ನಮ್ಮಪ್ಪ ಮಗ್ಗಕ್ಕೆ ಏರಿಸುವಾಗಲೇ ಎಳೆಗೆ ಎಳೆ ಕೊಂಡಿ ಹಾಕುತ್ತಾರೆ, ಅವ್ವ ಪಕ್ಕದಲ್ಲಿ ಕೂತು ಎಳೆ ಕೊಡುತ್ತಾಳೆ ಅಂದೆ. ಅವರು ಒಳಗೆ ಹೋಗಿ ಒಂದು ರಾಜಕೋಟ್ ಪಟೋಲಾ ತಂದು ಪಕ್ಕದಲ್ಲಿ ಇಟ್ಟರು. ಅದರಲ್ಲಿ ಹೊಕ್ಕಿನ ನೂಲನ್ನು ನೇಯುವ ಮೊದಲೇ ಕಟ್ಟಿ ಕಟ್ಟಿ ಬಣ್ಣ ಹಾಕುತ್ತಾರೆ. ನೇಯುತ್ತಾ ಹೋದಂತೆ ಚಿತ್ತಾರ ತಾನೇ ಮೂಡುತ್ತದೆ. ನೀವು ಇಲ್ಲಿರಬೇಕಿತ್ತು ಅಪ್ಪಾಜಿ. ಇಬ್ಬರೂ ಅರ್ಧ ಗಂಟೆ ಅದನ್ನೇ ನೋಡಿದೆವು.

ಆಮೇಲೆ ಮಾಸಿ ಕಡ್ಡಿ ಮುರಿದ ಹಾಗೆ ಹೇಳಿದರು. ಪಟೋಲಾ ಅಂದರೆ ನನ್ನ ಗಿರಾಕಿಗೆ ಅಜ್ಜಿಯ ಕಾಲದಿಂದ ಗೊತ್ತು. ನಿಮ್ಮ ಸೀರೆ ಯಾರಿಗೂ ಗೊತ್ತಿಲ್ಲ. ಐವತ್ತು ಸೀರೆ ತರಿಸಿದರೆ ಕಪಾಟಿನಲ್ಲೇ ಇರುತ್ತವೆ. ಈಗಿನ ಹುಡುಗಿಯರು ಮದುವೆಗೆ ಮಾತ್ರ ಸೀರೆ ಉಡುವುದು, ಅದನ್ನೂ ವಾಟ್ಸ್ಆ್ಯಪ್ ವಿಡಿಯೋದಲ್ಲಿ ಸೂರತ್‌ನಿಂದಲೇ ನೋಡಿ ತರಿಸುತ್ತಾರೆ ಅಂತ. ನನಗೆ ಬೇಸರ ಆಯಿತು. ಆದರೆ ಅವರು ಹೇಳಿದ್ದು ಸರಿ. ಇಲ್ಲಿ ನಮ್ಮ ಕನ್ನಡದವರು ಕೆಲವೇ ಮನೆ. ಲಂಡನ್‌ನಲ್ಲಿ ಥೇಮ್ಸ್ ನದಿಯ ದಂಡೆ ಮೇಲೆ 2015ರಿಂದ ಬಸವಣ್ಣನವರ ಪ್ರತಿಮೆ ಇದೆ. ಕೂಡಲಸಂಗಮ ನಮ್ಮೂರಿನ ಹತ್ತಿರವೇ ಅಂತ ಅಲ್ಲಿ ನಿಂತು ಹೆಮ್ಮೆಯಿಂದ ಹೇಳಿದ್ದೆ. ಅಲ್ಲಿಗೆ ಬಂದಿದ್ದ ಹೆಂಗಸರಲ್ಲಿ ಇಳಕಲ್ ಸೀರೆ ಉಟ್ಟವಳು ನಾನೊಬ್ಬಳೇ.

ಹಾಗಾಗಿ ಅಣ್ಣನಿಗೆ ಹೇಳಿ, ಗಂಟು ಕಟ್ಟಿ ಕಳಿಸುವುದು ಬೇಡ. ಹೋದ ವರ್ಷ ಆರು ಸೀರೆಯ ಪಾರ್ಸೆಲ್ ಮೇಲೆ ಉಡುಗೊರೆ ಅಂತ ಬರೆದು ಏನಾಯಿತು ನೆನಪಿದೆಯಲ್ಲ. ಮೂರು ವಾರ ತಡೆದಿಟ್ಟರು, ನಾನು ತೆರಿಗೆ ಕಟ್ಟಿ ಬಿಡಿಸಿಕೊಂಡೆ. ತಪ್ಪು ನಮ್ಮದೇ. ಮಾರುವ ಸರಕನ್ನು ಮಾರುವ ಸರಕು ಅಂತಲೇ ಬರೆಯಬೇಕು. ಅವನು ಮೊದಲು ರಫ್ತು ಮಾಡಲು ಬೇಕಾದ ಐಇಸಿ ನಂಬರ್ ಮಾಡಿಸಲಿ. ಇಳಕಲ್ ಸೀರೆಗೆ ಜಿಐ ಮಾನ್ಯತೆ, ಅಂದರೆ ಆ ಊರಿನದೇ ಸರಕು ಅನ್ನುವ ಗುರುತು, ಇದೆ, ಅದರಲ್ಲಿ ನಿಮ್ಮ ಹೆಸರು ನೋಂದಾಯಿಸಲಿ. ಪ್ರತಿ ಸೀರೆಗೂ ಹತ್ತಿ ಎಷ್ಟು, ರೇಷ್ಮೆ ಎಷ್ಟು ಅಂತ ಶೇಕಡಾ ಲೆಕ್ಕದಲ್ಲಿ ಬರೆದ ಚೀಟಿ ಬೇಕು, ಇಲ್ಲಿಯ ಕಾನೂನು ಹಾಗಿದೆ. ಚಮಕ, ಅಂದರೆ ಕೃತಕ ರೇಷ್ಮೆ, ಹಾಕಿದ್ದನ್ನು ರೇಷ್ಮೆ ಅಂತ ಒಂದೇ ಒಂದು ಸಲ ಕಳಿಸಿದರೂ ಮಾಸಿಯ ಅಂಗಡಿಯ ಬಾಗಿಲು ನಮಗೆ ಮುಚ್ಚಿತು. ಪವರ್‌ಲೂಮ್‌ನ ಸರಕೂ ಬೇಡ. ಬೆಲೆಯಲ್ಲಿ ನಾವು ಸೂರತ್ ಜೊತೆ ಸ್ಪರ್ಧೆ ಮಾಡಲು ಆಗುವುದಿಲ್ಲ, ಮಾಡಲೂಬಾರದು.

ಮಾಸಿ ಒಂದು ದಾರಿ ತೋರಿಸಿದ್ದಾರೆ. ನವರಾತ್ರಿಗೆ ಮುಂಚೆ ಎರಡು ಸೀರೆ ಕೊಡು, ಒಂದು ನಾನು ಉಡುತ್ತೇನೆ, ಒಂದು ಅಂಗಡಿಯ ಗಾಜಿನಲ್ಲಿ ಇಡುತ್ತೇನೆ ಅಂದಿದ್ದಾರೆ. ಒಂದು ದಾಳಿಂಬೆ ಬಣ್ಣ, ಇನ್ನೊಂದು ಕಡುಹಸಿರು. ಎರಡೂ ಕೊಂಡಿಯದೇ, ಶುದ್ಧ ರೇಷ್ಮೆ ಸೆರಗು. ಜೊತೆಗೆ ಕುಪ್ಪಸಕ್ಕೆ ಗುಳೇದಗುಡ್ಡದ ಖಣ ಎರಡು. ಕೊಂಡಿ ಹಾಕುವಾಗ ಅಣ್ಣ ಮೊಬೈಲಿನಲ್ಲಿ ನಿಮ್ಮ ಮತ್ತು ಅವ್ವನ ಕೈಗಳ ವಿಡಿಯೋ ತೆಗೆಯಲಿ. ಅದನ್ನು ಅಂಗಡಿಯಲ್ಲಿ ತೋರಿಸುತ್ತಾರಂತೆ. ಅವ್ವ ನಾಚಿಕೊಳ್ಳುತ್ತಾಳೆ, ಗೊತ್ತು. ಮುಖ ಬರುವುದಿಲ್ಲ, ಕೈ ಮಾತ್ರ ಅಂತ ಹೇಳಿ.

ನಿಮ್ಮ ಕಣ್ಣಿನ ಪೊರೆಯ ಆಪರೇಷನ್ ಮಾತ್ರ ಸೀರೆಗಾಗಿ ಮುಂದೆ ಹಾಕಬೇಡಿ. ಸೀರೆ ತಡವಾದರೆ ದೀಪಾವಳಿಗೆ ಆಯಿತು.

ನಿಮ್ಮ ಪ್ರೀತಿಯ ಮಗಳು